ಹೆಂಗಸರೆಲ್ಲ ಜುಲೈಕಾಳ ಮನೆಗೇ ಯಾಕೆ ಹೋದರು?

ಬೀಡಿ ಕಟ್ಟುವಾಗ ಫ್ಯಾನ್ ಹಾಕುವಂತಿಲ್ಲ. ಹಾಕಿದರೆ ಮಡಿಲಲ್ಲಿಟ್ಟ ತಡ್ಪೆಯ, ಅಂದರೆ ಮೊರದ, ಹೊಗೆಸೊಪ್ಪಿನ ಹುಡಿ ಮನೆಯಿಡೀ ಹಾರುತ್ತದೆ. ಏಪ್ರಿಲ್ ಸೆಖೆಯಲ್ಲಿ ಅದೆಂಥ ಕಷ್ಟವೆಂದು ಕಲ್ಲಡ್ಕದ ಹೆಂಗಸರನ್ನು ಕೇಳಬೇಕು.

ಸರಸ ಹೊಸ ಟೆರೇಸ್ ಮನೆ ಕಟ್ಟಿಸಿದ ಮೇಲೆ ನೆರೆಕರೆಯವರೆಲ್ಲ ಅವಳ ಹಾಲ್‌ನಲ್ಲೇ ಬೀಡಿ ಕಟ್ಟುತ್ತಿದ್ದರು. ಮಾತು, ನಗು, ಸಂಜೆಗೆ ಚಾ. ಅವಳಿಗೆ ಅದೇ ದೊಡ್ಡಸ್ತಿಕೆ. ಈ ಬೇಸಿಗೆಯಲ್ಲಿ ಒಬ್ಬೊಬ್ಬರೇ ಪಕ್ಕದ ಜುಲೈಕಾಳ ಮನೆಗೆ ಜಾರಿಕೊಂಡರು. ಅದೂ ಟೆರೇಸ್ ಮನೆಯೇ, ಇವಳದ್ದಕ್ಕಿಂತ ಚಿಕ್ಕದು. ಅಲ್ಲಿಂದ ನಗು ಕೇಳಿದಾಗಲೆಲ್ಲ ಸರಸಳ ಹೊಟ್ಟೆ ಉರಿಯುತ್ತಿತ್ತು. ತನ್ನನ್ನೇ ಆಡಿಕೊಳ್ಳುತ್ತಾರೆ ಎಂದು ಖಾತ್ರಿ. ಜುಲೈಕಾ ಗುಟ್ಟಾಗಿ ಏಸಿ ಹಾಕಿಸಿದ್ದಾಳೆಂಬ ಗುಮಾನಿ ಬೇರೆ. ಸರಸ ಅವಳ ಜೊತೆ ಮಾತನ್ನೇ ಬಿಟ್ಟಳು.

ಒಂದು ಮಧ್ಯಾಹ್ನ ಅತ್ತೆ ಅಮ್ಮಣಿಯೇ ತಡ್ಪೆ ಎತ್ತಿಕೊಂಡು ಅತ್ತ ನಡೆದರು. ಸ್ವಂತ ಅತ್ತೆಯನ್ನೂ ಕಿತ್ತುಕೊಂಡಳಲ್ಲ ಇವಳು ಎಂದು ಸರಸ ಜಗಳಕ್ಕೇ ನುಗ್ಗಿದಳು. ಹೊಸ್ತಿಲು ದಾಟಿದ್ದೇ ಮೈಗೆ ತಂಪು ತಾಗಿತು. ಫ್ಯಾನ್ ನಿಂತಿತ್ತು. ಬೈಯಲೆಂದು ತೆರೆದ ಬಾಯಿಂದ ಬೇರೆಯೇ ಮಾತು ಬಂತು.

“ಏಸಿ ಎಲ್ಲಿ ಇಟ್ಟಿದ್ದಿ?”

ಜುಲೈಕಾ ಅವಳನ್ನು ಟೆರೇಸಿಗೆ ಕರೆದೊಯ್ದಳು. ಮೇಲೆಲ್ಲ ಬೆಳ್ಳಗೆ. ಮೂಡಬಿದಿರೆಯಲ್ಲಿ ಮಹಿಳಾ ಸಂಘದ ತರಬೇತಿಗೆ ಹೋಗಿದ್ದಾಗ ಕಲಿತು, ಸುಣ್ಣಕ್ಕೆ ಅಂಟು ಕಲಸಿ ಬಳಿದದ್ದಂತೆ. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದಂತೆ. ಪಶ್ಚಿಮದ ಗೋಡೆಗೆ ಬಸಳೆ ಚಪ್ಪರದ ನೆರಳು. ಬಿಸಿ ಗಾಳಿ ಹೊರಹೋಗಲು ಸೀಲಿಂಗಿನ ಕೆಳಗೆ ಕಿಂಡಿ.

“ನಿನ್ನ ಮನೆಯಲ್ಲೂ ಕಿಂಡಿ ಉಂಟು. ಚಂದಕ್ಕೆ ಅಂತ ಗಾಜು ಹಾಕಿ ಮುಚ್ಚಿಸಿದ್ದು ನೀನೇ.”

“ಸುಣ್ಣದಲ್ಲಿ ಸೆಖೆ ಹೋಗ್ತದಾ? ನಾನು ಸೋಲಾರ್ ಹಾಕಿಸಿ ಏಸಿಯೇ ಇಡ್ತೇನೆ.”

“ಸೋಲಾರ್ ಹಾಕು, ಒಳ್ಳೆಯದೇ. ಮೊದಲು ಮನೆಯ ಬಿಸಿ ಇಳಿಸು ಮಾರಾಯ್ತಿ. ಮತ್ತೆ ಸಣ್ಣ ಸೋಲಾರ್ ಸಾಕಾಗ್ತದೆ. ಕಾದ ಮನೆಗೆ ಎಷ್ಟು ಕರೆಂಟ್ ಇದ್ದರೂ ಸಾಲದು.”

ಸರಸ ಇನ್ನೇನೋ ಹೇಳಹೊರಟವಳು ತನ್ನ ಕಾಲು ನೋಡಿಕೊಂಡಳು. ನಡುಮಧ್ಯಾಹ್ನ ಬರಿಗಾಲಲ್ಲಿ ಟೆರೇಸಿನ ಮೇಲೆ ನಿಂತಿದ್ದಾಳೆ, ಅಂಗಾಲು ಸುಡುತ್ತಿಲ್ಲ. ತನ್ನ ಟೆರೇಸಿನಲ್ಲಾದರೆ ಬಟ್ಟೆ ಒಣಗಿಸಲಿಕ್ಕೂ ಚಪ್ಪಲಿ ಬೇಕು. ಸುಣ್ಣಕ್ಕೆ ಅಂಟು ಎಷ್ಟು ಕಲಸಬೇಕೆಂದು ಕೇಳಿದಳು.

ಭಾನುವಾರ ಇಬ್ಬರೂ ಸೇರಿ ಸರಸಳ ಟೆರೇಸ್ ಉಜ್ಜಿ ತೊಳೆದು ಸುಣ್ಣ ಬಳಿದರು. ಕಿಂಡಿಯ ಗಾಜು ತೆಗೆಸಿದರು. ನಾಲ್ಕು ದಿನ ಕಳೆದು ಹಾಲ್ ತುಂಬ ಹೆಂಗಸರು. ಅಮ್ಮಣಿಯ ಪಕ್ಕದಲ್ಲಿ ಜುಲೈಕಾ. ಈ ಸಲ ನಗುವಿನ ನಡುವೆ ಸರಸಳೂ ಇದ್ದಳು.

ಅಕ್ಕಂದಿರೇ, ಸುಣ್ಣ ಮಳೆಗೆ ತೊಳೆದುಹೋಗುತ್ತದೆ, ಪ್ರತಿ ಬೇಸಿಗೆಗೆ ಮೊದಲು ಬಳಿಯಿರಿ. ಮುಚ್ಚಿದ ಕಿಂಡಿ ತೆರೆಯಿರಿ, ಬಿಸಿಲು ಬೀಳುವ ಗೋಡೆಗೆ ನೆರಳು ಕೊಡಿ. ನೆರೆಮನೆ ತಂಪಾಗಿದ್ದರೆ ಹೊಟ್ಟೆಕಿಚ್ಚು ಪಡಿ, ತಪ್ಪೇನಿಲ್ಲ. ಆದರೆ ಮನೆಯೊಳಗೆ ಬೇಯುತ್ತ ಕೂರಬೇಡಿ, ಹೋಗಿ ಕೇಳಿ.