ಜೋಡಿ ಸೈಕಲ್ಲಿನ ಹಿಂದಿನ ಸೀಟು

ಹನಗೋಡಿನ ಮಂಟಯ್ಯನಿಗೆ ಆ ಜೋಡಿ ಸೈಕಲ್ಲು ಸಿಕ್ಕಿದ್ದು ಅವನು ಕುದುರೆ ನೋಡಿಕೊಳ್ಳುತ್ತಿದ್ದ ಕಾಫಿ ತೋಟದ ದೊರೆಯಿಂದ. ಸೀಮೆಗೆ ವಾಪಸು ಹೊರಟ ದೊರೆ, ಎರಡು ಸೀಟು, ಎರಡು ಜೊತೆ ಪೆಡಲಿನ ಆ ಗಾಡಿಯನ್ನು ಇವನ ಕೈಗೆ ಕೊಟ್ಟು ಹಡಗು ಹತ್ತಿದ.

ಹೋದ ವರ್ಷ ಮಂಟಯ್ಯ ವಿಷಮಶೀತ ಜ್ವರದಿಂದ ಮಲಗಿದ್ದಾಗ ಹೆಂಡತಿ ಮಲ್ಲಾಜಮ್ಮ ನಂಜನಗೂಡಿಗೆ ಹರಕೆ ಹೊತ್ತಿದ್ದಳು. ಅದನ್ನು ತೀರಿಸಲು ಈ ಸೈಕಲ್ಲಿನಲ್ಲೇ ಹೋಗಬೇಕೆಂದು ಅರವತ್ತು ದಾಟಿದ ಮಂಟಯ್ಯ ಹಟ ಹಿಡಿದ. ಊರು ನಕ್ಕಿತು. ನಗಲಿ ಬಿಡಿ, ಊರಿಗೆ ಬೇರೆ ಕೆಲಸವೇನು?

ಹೊರಡುವ ಮುಂಚೆ ಒಂದು ದಿನ ಹುಣಸೂರು ರಸ್ತೆಯ ಏರಿನಲ್ಲಿ ಅಭ್ಯಾಸಕ್ಕೆ ಹೋದರು. ಮಲ್ಲಾಜಮ್ಮ ಸೀರೆಗೆ ಕಚ್ಚೆ ಹಾಕಿ, ಹುರಿಹಿಟ್ಟಿನ ಗಂಟನ್ನು ಹೆಗಲಿಗೇರಿಸಿಕೊಂಡು ಹಿಂದೆ ಕೂತಳು.

“ನೀನು ಸುಮ್ಕೆ ಕಾಲಿಟ್ಕೊಂಡು ಕೂತ್ಕೊ ಕಣಮ್ಮಿ. ತುಳಿಯಾಕೆ ನಾನಿವ್ನಿ,” ಎಂದ ಮಂಟಯ್ಯ.

ಅರ್ಧ ಏರಿನವರೆಗೆ ಸೈಕಲ್ಲು ಸಲೀಸಾಗಿ ಹೋಯಿತು. ಆಮೇಲೆ ಇದ್ದಕ್ಕಿದ್ದಂತೆ ಬಂಡೆ ಕಟ್ಟಿದಷ್ಟು ಭಾರವಾಯಿತು. ಚೈನು ಸಿಕ್ಕಿಕೊಂಡಿತೇನೋ ಎಂದು ಇಳಿದು ನೋಡಿದರೆ ಚೈನು ಸರಿಯಾಗಿಯೇ ಇತ್ತು. ಹಿಂದಿನ ಸೀಟು ಖಾಲಿ. ಮಲ್ಲಾಜಮ್ಮ ಕೆಳಗೆ ರಸ್ತೆಯಲ್ಲಿ, ಜಾರಿಬಿದ್ದ ಗಂಟನ್ನು ಎತ್ತಿಕೊಳ್ಳುತ್ತಿದ್ದಳು.

ಮಂಟಯ್ಯ ಸೈಕಲ್ಲು ತಳ್ಳಿಕೊಂಡು ಅವಳ ಬಳಿಗೆ ಇಳಿದು ಬಂದ.

“ನಾನಿಳಿದ್ಮೇಲೆ ಅಗುರಾಯ್ತೇನ್ರೀ?” ಎಂದಳು.

ಅವನು ಗಂಟನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ.

“ತುಳೀತಿದ್ದೋಳು ನೀನೇಯ ಅಂತ ಈಗ ಗೊತ್ತಾಯ್ತು,” ಎಂದ. “ನಂಜುಂಡಪ್ಪಂಗೆ ಆಮ್ಯಾಕೆ ಕೈ ಮುಗೀತೀನಿ. ಮೊದ್ಲು ನಿಂಗೆ ಮುಗೀಬೇಕು.”

“ಬುಡಿ, ಏರು ಇನ್ನೂ ಅರ್ಧ ಅದೆ,” ಎಂದು ಮಲ್ಲಾಜಮ್ಮ ಹಿಂದಿನ ಸೀಟು ಹತ್ತಿದಳು.