ನೆಲದ ಮೇಲಿನ ಮೆಟ್ಟಿಲು

"ಅಕ್ಕ, ನೀವು ಒಮ್ಮೆ ಕೆಳಗೆ ಬರ್ಬೇಕಿತ್ತು."

ಶೆಡ್ಡಿನ ಫೋರ್‌ಮನ್ ತುಕ್ರ ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಆಫೀಸಿನ ಬಾಗಿಲಲ್ಲೇ ನಿಂತಿದ್ದ. ನಿವೇದಿತಾ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ಯಾಕ್ರಿ ತುಕ್ರಣ್ಣ?"

"ನೆಲ ಬಳಿಯಬೇಕು."

ಅವಳ ಬೆರಳುಗಳು ನಿಂತವು.

ಗಿಲ್‌ಹೂಲಿ ಕಂಪನಿಗೆ ಆ ವರ್ಷ ನೂರು ತುಂಬುತ್ತಿತ್ತು. ಐರ್ಲೆಂಡಿನ ಸಣ್ಣ ಊರೊಂದರಲ್ಲಿ ಚರ್ಚಿನ ಗೇಟು ಮಾಡಿ ಶುರುವಾದ ಕುಲುಮೆ ಈಗ ದುಬೈನ ಅಲ್ ಕೋಜ್‌ನಲ್ಲಿ ಬಂಗಲೆಗಳಿಗೆ ಬಳ್ಳಿ ವಿನ್ಯಾಸದ ಕಬ್ಬಿಣದ ಕಟಕಟೆ, ಹೋಟೆಲುಗಳಿಗೆ ಉಕ್ಕಿನ ಚೌಕಟ್ಟು ಮಾಡುತ್ತಿತ್ತು. ಕಂಪನಿಯ ಇತಿಹಾಸವನ್ನು ನಲವತ್ತು ಪುಟಗಳಲ್ಲಿ ಬರೆದುಕೊಡುವ ಕೆಲಸ ನಿವೇದಿತಾಳ ಪಾಲಿಗೆ ಬಂದಿತ್ತು. ಗಂಡ ಓಂಕಾರನನ್ನು ಮಣ್ಣುಮಾಡಿ ಬಂದು ಮತ್ತೆ ಕೆಲಸಕ್ಕೆ ಕೂತ ದಿನವೇ ಮ್ಯಾನೇಜರು ಅದನ್ನು ಕೊಟ್ಟಿದ್ದರು. ಯಾರೊಡನೆಯೂ ಮಾತಾಡಬೇಕಿಲ್ಲದ ಕೆಲಸ.

ಮೂರನೇ ಪುಟ ಅವಳಿಗೆ ಬಾಯಿಪಾಠವಾಗಿತ್ತು. ಮೊದಲನೆಯ ಗಿಲ್‌ಹೂಲಿ ತನ್ನ ಮೊದಲ ಗೇಟನ್ನು ನಿಜದ ಅಳತೆಯಲ್ಲೇ ತಾಯಿಯ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಬಿಡಿಸಿದ. ಗೇಟು ನಿಂತ ಮೇಲೆ ತಾಯಿ ಬಕೆಟ್ಟು, ಬಟ್ಟೆ ಅವನ ಕೈಗೇ ಕೊಟ್ಟಳು. ಅಂದಿನಿಂದ ಅದೇ ಕ್ರಮ: ಕಬ್ಬಿಣ ಬಗ್ಗಿಸುವ ಮೊದಲು ಕಪ್ಪು ಬಳಿದ ನೆಲದ ಮೇಲೆ ಪೂರ್ತಿ ಅಳತೆಯ ನಕ್ಷೆ, ಕೆಲಸ ಮುಗಿದ ಮೇಲೆ ಬಿಡಿಸಿದವನೇ ಅದರ ಮೇಲೆ ಕಪ್ಪು ಬಳಿಯಬೇಕು. ಅವನಿಲ್ಲದಿದ್ದರೆ ಅವನ ಮನೆಯವರು. 1971ರಲ್ಲಿ ಮುದುಕ ತೀರಿಕೊಂಡಾಗ ಮಗಳು ಬಂದು ಬಳಿದಿದ್ದಳು. ಆ ವಾಕ್ಯ ಚೆನ್ನಾಗಿದೆ ಎಂದು ಐರ್ಲೆಂಡಿನ ಆಫೀಸಿನಿಂದ ಮೇಲ್ ಬಂದಿತ್ತು.

ದುಬೈ ಶೆಡ್ಡಿನಲ್ಲಿ ನೆಲದ ಮೇಲೆ ಬಿಡಿಸುತ್ತಿದ್ದವನು ಓಂಕಾರ.

"ಓಂಕಾರಣ್ಣನ ಮೆಟ್ಟಿಲು ಮೊನ್ನೆಯೇ ಅಬುಧಾಬಿಗೆ ಹೋಯ್ತು," ಎಂದ ತುಕ್ರ. "ಇನ್ನು ಹೋಟೆಲಿನ ಗೇಟು ಬಿಡಿಸ್ಲಿಕ್ಕೆ ಉಂಟು. ಯಾರೂ ನೆಲ ಮುಟ್ಟುದಿಲ್ಲ. ವೆಲ್ಡರ್ ಮೂಸಬ್ಬನಿಗೆ ಹೇಳಿದ್ರೆ ಅವ ನನಗೇ ಹೇಳ್ತಾನೆ, ಬೇಕಾದ್ರೆ ನಿಮ್ಮ ಮಂಡೆಗೆ ಬಳೀತೇನೆ ಮೇಸ್ತ್ರಿ, ಅದಕ್ಕೆ ಬಳಿಯುದಿಲ್ಲ ಅಂತ."

"ಇನ್ನೊಂದ್ ವಾರ ಬಿಡ್ರಿ."

"ನಾನಾದ್ರೆ ಒಂದು ವರ್ಷ ಬಿಡ್ತೇನೆ, ಅಕ್ಕ. ನಾಳೆ ಹೊರಗಿನ ಪೇಂಟರುಗಳು ಬರ್ತಾರೆ, ಮ್ಯಾನೇಜರ್ ಹೇಳಿ ಆಗಿದೆ. ಗುರ್ತ ಇಲ್ಲದವರು. ಬೂಟು ಹಾಕಿಕೊಂಡೇ ಅದರ ಮೇಲೆ ನಡೀತಾರೆ."

ಓಂಕಾರ ಹೋಗಿ ಏಳು ವಾರವಾಗಿತ್ತು. ಜನವರಿಯ ಮಂಜಿನಲ್ಲಿ, ಅದೇ ಮೆಟ್ಟಿಲಿನ ಕೊನೆಯ ಅಳತೆ ತರಲು ಹೋದವನ ಕಾರು ಅಬುಧಾಬಿ ರಸ್ತೆಯಲ್ಲಿ ನಿಂತಿದ್ದ ಲಾರಿಗೆ ಬಡಿದಿತ್ತು. ಮಣ್ಣಿನ ದಿನ ಬಾಗಲಕೋಟೆಯಲ್ಲಿ ಎಲ್ಲರೂ ಅತ್ತರು. ನಿವೇದಿತಾಳಿಗೆ ಅಳು ಬರಲಿಲ್ಲ. "ಗಟ್ಟಿಗಿತ್ತಿ ಅದಾಳವ್ವ," ಎಂದು ಅತ್ತೆ ಪಾರ್ವತೆವ್ವ ಯಾರಿಗೋ ಹೇಳಿದ್ದು ಕೇಳಿಸಿತ್ತು. ಮೆಚ್ಚಿದ್ದೋ ಚುಚ್ಚಿದ್ದೋ ತಿಳಿಯಲಿಲ್ಲ.

ಅವಳು ಕೆಳಗಿಳಿದು ಬಂದಾಗ ಗ್ರೈಂಡರುಗಳು ಒಂದೊಂದಾಗಿ ನಿಂತವು. ನೆಲ ಅವಳ ಅಲ್ ನಹ್ದಾದ ಫ್ಲ್ಯಾಟಿಗಿಂತ ದೊಡ್ಡದಿತ್ತು. ಅಂಚಿನಲ್ಲಿ ಚಪ್ಪಲಿ ಬಿಟ್ಟಳು. ಕಪ್ಪಿನ ಮೇಲೆ ಮೂವತ್ತೊಂದು ಮೆಟ್ಟಿಲು ದುಂಡಗೆ ಬಿಚ್ಚಿಕೊಂಡಿದ್ದವು. ಪ್ರತಿಯೊಂದರ ಪಕ್ಕದಲ್ಲೂ ಅವನ ಓರೆ ಅಂಕಿಗಳು. ಹನ್ನೆರಡನೆಯದರ ಮಗ್ಗುಲಲ್ಲಿ, ಅಳತೆಗಳ ನಡುವೆ, ಕನ್ನಡದಲ್ಲಿ "ಸಿಲಿಂಡರ್ ಹೇಳಬೇಕು" ಎಂದಿತ್ತು.

"ಹೇಳಿರ್ಲೇ ಇಲ್ಲ," ಎಂದಳು ನಿವೇದಿತಾ. "ಅವ್ರು ಹೋಗೂ ಹಿಂದಿನ್ ರಾತ್ರಿ ಗ್ಯಾಸ್ ಮುಗೀತು. ಪರೋಟ ತರಿಸಿ ತಿಂದ್ವಿ. ಮರೆಗುಳಿ ಅಂತ ಬೈದೆ."



"ಅದೊಂದು ಜಾಗ ಬಿಡುವ," ಎಂದ ತುಕ್ರ ಮೆಲ್ಲಗೆ. "ಗೇಟನ್ನು ಸ್ವಲ್ಪ ಆಚೆ ಬಿಡಿಸಿದ್ರಾಯ್ತು."

"ಬ್ಯಾಡ್ರಿ. ಒಂದ್ ಬಿಟ್ರ ಎಲ್ಲಾ ಬಿಡಬೇಕಾಗ್ತೈತಿ."

"ಫೋಟೋ ತೆಗೀಲಾ ಅಕ್ಕ?" ಮೂಸಬ್ಬ ಮೊಬೈಲು ಹೊರತೆಗೆದಿದ್ದ.

ಅವಳು ಬೇಡವೆಂದು ತಲೆಯಾಡಿಸಿದಳು. ಮೂಸಬ್ಬ ಮೊಬೈಲನ್ನು ಜೇಬಿಗಿಳಿಸಿ, ಡಬ್ಬದ ಮುಚ್ಚಳ ಎಬ್ಬಿಸಿ, ಟ್ರೇಗೆ ಬಣ್ಣ ಸುರಿದು ರೋಲರ್ ಕೊಟ್ಟ.

ನಿವೇದಿತಾ ಮೊದಲನೆಯ ಮೆಟ್ಟಿಲಿನಿಂದ ಶುರುಮಾಡಿದಳು. ಎರಡು, ಮೂರು, ನಾಲ್ಕು. ಹತ್ತುವವರು ಹತ್ತುವ ಕ್ರಮದಲ್ಲೇ ಹೋದಳು. ಹನ್ನೆರಡನೆಯದರ ಬಳಿ ರೋಲರ್ ತಡೆಯಿತು, ಮತ್ತೆ ಉರುಳಿತು. ತುಕ್ರ ಏನೋ ಹೇಳಲು ಬಾಯಿ ತೆರೆದ. ಮೂಸಬ್ಬ ಅವನ ತೋಳು ಹಿಡಿದ. ಮೂವತ್ತೊಂದು ಮುಗಿದಾಗ ಅವಳು ಟ್ರೇ ಎಳೆದುಕೊಂಡು ಒಳಸುತ್ತಿಗೆ ಹೊರಳಿದಳು. ಸುತ್ತು ಚಿಕ್ಕದಾಗುತ್ತ ಬಂತು.

ಕೊನೆಗೆ ಗೆರೆಗಳೆಲ್ಲ ಹೊರಟ ನಡುಜಾಗಕ್ಕೆ ಬಂದಳು. ಅಲ್ಲಿ ದುಂಡು ಗೆರೆ ಎಳೆಯುವ ದಾರ ಕಟ್ಟಲು ಹೊಡೆದ ಮೊಳೆಯ ತೂತಿತ್ತು. ಅದರ ಪಕ್ಕದಲ್ಲಿ ಎರಡು ಮಾಸಲು ಕಲೆಗಳು. ಮಂಡಿಯೂರಿ ದಾರ ತಿರುಗಿಸಿದವನ ಗುರುತು. ಅವಳು ರೋಲರ್ ಎತ್ತಿದಳು. ಕೈ ಇಳಿಯಲಿಲ್ಲ. ತಿರುಗಿ ನೋಡಿದಳು. ಸುತ್ತ ನಾಲ್ಕೂ ಕಡೆ ಹಸಿ ಕಪ್ಪು ಹೊಳೆಯುತ್ತಿತ್ತು. ಹೊರಗೆ ಬರಲು ಒಣ ಜಾಗವೇ ಉಳಿದಿರಲಿಲ್ಲ.

"ನಡೆದು ಬನ್ನಿ ಅಕ್ಕ," ತುಕ್ರ ಅಂಚಿನಿಂದ ಕೂಗಿದ. "ಹೆಜ್ಜೆ ಮೂಡಿದ್ರೆ ಮೂಡ್ಲಿ. ನಾವು ಸರಿ ಮಾಡ್ತೇವೆ."

"ಒಣಗಾಕ ಎಷ್ಟೊತ್ತು ಬೇಕ್ರಿ?"

"ನಾಲ್ಕು ಗಂಟೆ ಬೇಕು."

"ಕೂಡ್ತೀನಿ."

ಅವಳು ರೋಲರನ್ನು ಟ್ರೇಯೊಳಗಿಟ್ಟು, ಚೂಡಿದಾರದ ತುದಿ ಮಡಚಿಕೊಂಡು, ಆ ಚೂರು ಜಾಗದಲ್ಲಿ ಮಂಡಿಯೂರಿದಳು. ಮೊದಲು ಅವಳ ಬೆನ್ನು ಅಲುಗಿತು. ದನಿ ಆಮೇಲೆ ಬಂತು.

ಮೂಸಬ್ಬ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಬಣ್ಣ ಬೇಗ ಒಣಗಲೆಂದು ಗೋಡೆಯ ದೊಡ್ಡ ಫ್ಯಾನಿನ ಕಡೆಗೆ ಹೋದ ತುಕ್ರ, ಸ್ವಿಚ್ಚಿನ ಮೇಲಿಟ್ಟ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ.