ಬಾವಿಕಟ್ಟೆಯ ಎರಡು ಗೀರು

ಹಸಿ ಸಿಮೆಂಟಿನ ವಾಸನೆ, ಮಳೆ ಬಿದ್ದ ಮಣ್ಣಿನದೇ ಅನ್ನಿಸಿತು ಒಂದು ಕ್ಷಣ ಕೆಲ್ತುಮಾಗೆ, ಛೆ, ಮಳೆ ಎಲ್ಲಿಂದ ಬರಬೇಕು, ಬಾವಿಯ ಬಾಯಿ ಮುಚ್ಚಲು ಗಾರೆಯವನು ಕಲಸುತ್ತಿದ್ದಾನೆ, ಸುರಿಯುತ್ತಿರುವುದೂ ನಲ್ಲಿಯ ನೀರೇ, ಗುಡ್ಡದ ಮೇಲೆ ಸಂಸ್ಥೆಯವರು ಕಟ್ಟಿದ ಬಲೆಗಳು ಮಂಜಿನಿಂದ ಹಿಂಡಿದ ನೀರು — ಮಂಜಿಗೆ ಬಲೆ ಹಾಕ್ತಾರಂತೆ ಕಣೇ, ಅದೇನು ಮೀನಾ, ಅಂದಿದ್ದಳು ಗೆಳತಿ ತುದಾ, ನಕ್ಕು ನಕ್ಕು ಇಬ್ಬರ ಕೊಡವೂ ಅರ್ಧ ಚೆಲ್ಲಿ, ಮತ್ತೆ ಇಳಿದು ಬಂದು ಇದೇ ಕಟ್ಟೆಯಲ್ಲಿ ಸೇದಿದ್ದರು, ಅವಳ ಹಗ್ಗ ಎಡಕ್ಕೆ, ತನ್ನದು ಬಲಕ್ಕೆ, ನಲವತ್ತು ವರ್ಷ ಹಾಗೆಯೇ, ಕಲ್ಲಿನಲ್ಲಿ ಎರಡು ಗೀರು, ಬೆರಳು ಮುಳುಗುವಷ್ಟು ಆಳ. ಮಳೆ ಕಮ್ಮಿಯಾದಂತೆ ವರ್ಷಕ್ಕೊಂದು ಮೊಳ ಹಗ್ಗ ಸೇರಿಸಿದರು, ಮಾತೂ ಅಷ್ಟೇ ಉದ್ದವಾಯಿತು, ಅತ್ತೆಯ ಬೈಗುಳ, ಸತ್ತ ಕೂಸು, ಕಾಸಾಬ್ಲಾಂಕಾಕ್ಕೆ ದುಡಿಯಲು ಹೋದ ಗಂಡಂದಿರು, ಆರ್ಗಾನ್ ಮರದ ನೆರಳಲ್ಲಿ ಕೂತು ತುದಾ ಬಾರ್ಲಿ ರೊಟ್ಟಿ ಮುರಿಯುತ್ತಿದ್ದಳು, ದೊಡ್ಡ ತುಂಡು ಯಾವಾಗಲೂ ಕೆಲ್ತುಮಾಗೇ. ಲಲ್ಲಾ, ಅಮ್ಮಾ, ಈ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಬಿಡಿ, ಬಾವಿ ನಿಮ್ಮ ಜಾಗದಲ್ಲಿದೆಯಲ್ಲ — ಸಂಸ್ಥೆಯ ಹುಡುಗಿ ಸಿಹಾಮ್, ಒಳ್ಳೆಯವಳು, ಹೋದ ವಾರ ಬಾವಿಗೆ ಬಿದ್ದ ಆಡಿನ ಮರಿಗಾಗಿ ಅತ್ತವಳು, ನಾಳೆ ಮಗು ಬಿದ್ರೆ ಏನ್ಮಾಡೋದು ಲಲ್ಲಾ, ಅದೂ ನಿಜವೇ, ಈ ಹುಡುಗಿ ತಂದ ನಲ್ಲಿಯಿಂದಲೇ ಸೊಂಟದ ನೋವು ಹೋಯಿತು, ಮೊಮ್ಮಗಳು ಶಾಲೆಗೆ ಹೋಗುತ್ತಾಳೆ, ಉಂಡ ಮನೆಗೆ ಎರಡು ಬಗೆಯಲುಂಟೇ, ಆದರೆ ಮೊದಲ ಸಲ ಬಂದಾಗ ಕೇಳಿದ್ದಳು, ನೀರಿಗೆ ಅಂತ ದಿನಾ ಎಷ್ಟು ಹೊತ್ತು ಹಾಳಾಗುತ್ತೆ, ಮೂರು ಗಂಟೆ ಅಂದಿದ್ದಳು ಕೆಲ್ತುಮಾ, ಹಾಳು ಅನ್ನಲಿಲ್ಲ, ಆದರೂ ಹುಡುಗಿ ಹಾಗೇ ಬರೆದುಕೊಂಡಳು. ನಲ್ಲಿ ಬಂದ ದಿನ ಕುಣಿದವಳೂ ತಾನೇ. ಎಂಟು ತಿಂಗಳಾಯಿತು ತುದಾಳ ಮುಖ ನೋಡಿ, ಹಳ್ಳದ ಆಚೆ ಕಾಣುತ್ತದೆ ಅವಳ ಮನೆ, ಅಲ್ಲೂ ನಲ್ಲಿ, ಕೊಡವಿಲ್ಲದೆ ಸುಮ್ಮಸುಮ್ಮನೆ ಹೊರಟರೆ, ಎಲ್ಲಿಗಮ್ಮಾ ಸವಾರಿ, ಅನ್ನುತ್ತಾನೆ ಮಗ, ಏನು ಹೇಳುವುದು —

ಹೆಬ್ಬೆಟ್ಟಿಗೆ ಮಸಿ ಹತ್ತಿದೆ, ತಣ್ಣಗೆ, ಗಾರೆಯವನ ಕರಣೆ ಕಟ್ಟೆಯ ಕಡೆ ಬರುತ್ತಿದೆ, ತಡಿಯಪ್ಪಾ, ಬಾವಿ ನನ್ನೊಬ್ಬಳದಲ್ಲ, ಅರ್ಧ ತುದಾದು, ಅವಳೂ ಬಂದು ಒತ್ತಬೇಕು, ಕರ್ಕೊಂಡು ಬನ್ನಿ, ಕಾಗದದಲ್ಲಿ ಹಾಗಿಲ್ವಲ್ಲ ಲಲ್ಲಾ, ಕಾಗದದಲ್ಲಿ ಇಲ್ಲದಿದ್ರೆ ಕಲ್ಲಲ್ಲಿದೆ, ನೋಡು ಮಗಳೇ — ಈ ಮಾತು ತನ್ನ ಬಾಯಿಗೆ ಎಲ್ಲಿಂದ ಬಂತು, ಸಿಹಾಮ್ ಬಗ್ಗಿ ಗೀರುಗಳ ಮೇಲೆ ಬೆರಳಾಡಿಸಿದಳು, ತುದಾಳನ್ನು ಕರೆಯಲು ಹಳ್ಳ ಇಳಿದಳು, ಸಿಮೆಂಟು ಗಟ್ಟಿಯಾಗುತ್ತೆ ಅಜ್ಜೀ, ಗೊಣಗುತ್ತಾನೆ ಗಾರೆಯವನು, ಆಗಲಿ ಬಿಡು, ಬಂದವಳೇ ಏನನ್ನುತ್ತಾಳೆ ತುದಾ, ಬದುಕಿದ್ದೀಯೇನೇ ಮುದುಕಿ ಅನ್ನುತ್ತಾಳೆ, ಆಮೇಲೆ, ಆಮೇಲೆ ತಾನು ಹೇಳಬೇಕು, ಎಂಟು ತಿಂಗಳ ಮಾತು, ಎಲ್ಲಿಂದ ಶುರು, ಆಚೆ ಬಾಗಿಲು ತೆರೆಯಿತೋ ಇಲ್ಲವೋ, ಅಷ್ಟು ದೂರ ಕಾಣುವುದಿಲ್ಲ ಈಗ, ಮಸಿ ಹತ್ತಿದ ಬೆರಳು ಬಲಗಡೆಯ ಗೀರಿನಲ್ಲಿ, ಎಡಗಡೆಯದು ಖಾಲಿ, ಕಲ್ಲಿನಲ್ಲಿ ಎರಡು ಗೀರು, ಎಡಗಡೆಯದು ಖಾಲಿ —